ಚರ್ಚಿನ ನೆಲದಡಿ ಎಂಟು ಕಾಲಿನ ಕುದುರೆ

ಎಂಟು ಕಾಲು! ಇನ್ನೊಮ್ಮೆ ಎಣಿಸಿದರೂ ಎಂಟೇ. ಕುದುರೆಯ ಮೇಲೊಬ್ಬ ಸವಾರ, ಅತ್ತ ಕಡೆ ಗುಮ್ಮಟದಂಥ ಮಾಡಿನ ಒಂದು ಮನೆ, ಕೆಳಗೆ ಹಾಯಿ ಬಿಚ್ಚಿದ ಹಡಗು, ಅದರ ತುಂಬ ಜನ. ಅದಕ್ಕೂ ಕೆಳಗೆ ಒಂದು ಕುಲುಮೆ. ಕುಲುಮೆಯೊಳಗೆ ಸುತ್ತಿಗೆ, ಇಕ್ಕಳ. ಕುಲುಮೆಯ ಆಚೆ ಬದಿಗೆ ತಲೆಯಿಲ್ಲದ ಎರಡು ಮುಂಡಗಳು. ಈಚೆ ಬದಿಗೆ ರೆಕ್ಕೆ ಬಿಚ್ಚಿ ಹಾರುತ್ತಿರುವ ಯಾವುದೋ ಆಕೃತಿ, ಅದರ ಹತ್ತಿರ ಒಬ್ಬಳು ಹೆಂಗಸು. ಇಷ್ಟೂ ಒಂದೇ ಕಲ್ಲಿನ ಮೇಲೆ, ಆಳೆತ್ತರವನ್ನು ಸ್ವಲ್ಪ ಮೀರಿದ ಸುಣ್ಣಕಲ್ಲಿನ ಒಂದು ಚಪ್ಪಡಿಯ ಮೇಲೆ. ಈ ಕಲ್ಲು ಸಿಕ್ಕಿದ್ದಾದರೂ ಎಲ್ಲಿ? ಚರ್ಚಿನ ನೆಲದಲ್ಲಿ!

ಊರಿನ ಹೆಸರು ಆರ್ಡ್ರೆ. ಬಾಲ್ಟಿಕ್ ಸಮುದ್ರದ ನಡುವೆ ಸ್ವೀಡನ್ನಿಗೆ ಸೇರಿದ ಗಾಟ್‌ಲ್ಯಾಂಡ್ ಎಂಬ ದ್ವೀಪವಿದೆ. ಅದರ ಪೂರ್ವ ಭಾಗದಲ್ಲಿ ಈ ಪುಟ್ಟ ಊರು. 1900ರ ಸುಮಾರಿಗೆ ಅಲ್ಲಿನ ಮಧ್ಯಯುಗದ ಚರ್ಚಿನ ಜೀರ್ಣೋದ್ಧಾರಕ್ಕೆ ಕೈಹಾಕಿದವರು ನೆಲ ಕಿತ್ತರು. ಕಿತ್ತರೆ ಒಂದಲ್ಲ ಎರಡಲ್ಲ, ಕೆತ್ತನೆಯ ಕಲ್ಲುಗಳ ಸಾಲೇ ಅಲ್ಲಿ ಮಲಗಿತ್ತು. ವಿದ್ವಾಂಸರು ಅವಕ್ಕೆ ಒಂದರಿಂದ ಎಂಟರವರೆಗೆ ಅಂಕಿ ಕೊಟ್ಟರು. ಕೆಲವು 11ನೇ ಶತಮಾನದವು; ಅವುಗಳ ಅಂಚಿನಲ್ಲಿ ರೂನ್ ಲಿಪಿಯ ಬರಹ ಓಡುತ್ತದೆ, ಜೋಡಿಸಿ ನಿಲ್ಲಿಸಿದರೆ ಕಲ್ಲಿನ ಪೆಟ್ಟಿಗೆಯೊಂದರ ನಾಲ್ಕು ಮಗ್ಗುಲಾಗುತ್ತವೆ. ಎಂಟನೆಯದು ಅವಕ್ಕಿಂತಲೂ ಹಳೆಯದು, 8ನೇ ಶತಮಾನದ ಆಸುಪಾಸಿನದು. ಎಂಟು ಕಾಲಿನ ಕುದುರೆ ಇರುವುದು ಅದರ ಮೇಲೆ. ಈಗ ಅದು ಸ್ಟಾಕ್‌ಹೋಮ್‌ನ ಇತಿಹಾಸ ಮ್ಯೂಸಿಯಂನಲ್ಲಿ ನೆಟ್ಟಗೆ ನಿಂತಿದೆ.

ಇಂಥ ಕಲ್ಲುಗಳು ಗಾಟ್‌ಲ್ಯಾಂಡಿನಲ್ಲಿ ತುಂಡುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಐನೂರಕ್ಕೂ ಹೆಚ್ಚು ಸಿಕ್ಕಿವೆ. ಚಿತ್ರಗಲ್ಲು ಎನ್ನೋಣ. ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳಿವು. ಕೆಳಗೆ ಕಾಳಗ, ಮೇಲೆ ಸ್ವರ್ಗ ಎಂದು ಪಟ್ಟಿ ಪಟ್ಟಿಯಾಗಿ ಕಥೆ ಹೇಳುವ ನಮ್ಮ ವೀರಗಲ್ಲುಗಳನ್ನು ಕಂಡವರಿಗೆ ಇವುಗಳ ಮುಂದೆ ನಿಂತಾಗ ಪರಕೀಯತೆ ಕಾಡುವುದಿಲ್ಲ. ಸುಮಾರು ಕ್ರಿ.ಶ. 400ರಲ್ಲಿ ಶುರುವಾದ ಪದ್ಧತಿ 1100ರ ಹೊತ್ತಿನವರೆಗೂ ನಡೆಯಿತು. ಏಳು ನೂರು ವರ್ಷ! ಈ ಸಂಪ್ರದಾಯ ಇಷ್ಟು ದೀರ್ಘವಾಗಿ, ಇಷ್ಟು ಸಮೃದ್ಧವಾಗಿ ಬೆಳೆದದ್ದು ಆ ಒಂದು ದ್ವೀಪದಲ್ಲಿ ಮಾತ್ರ.

ಅದಕ್ಕೆ ಒಂದು ಕಾರಣ ನೆಲದಲ್ಲೇ ಇದೆ. ಗಾಟ್‌ಲ್ಯಾಂಡ್ ದ್ವೀಪವೇ ಒಂದು ಸುಣ್ಣಕಲ್ಲಿನ ದಿಬ್ಬ. ನಲವತ್ತು ಕೋಟಿ ವರ್ಷಗಳಿಗೂ ಹಿಂದೆ ಬೆಚ್ಚನೆಯ ಸಮುದ್ರದಲ್ಲಿ ಬೆಳೆದ ಹವಳದ ದಿಬ್ಬಗಳು, ಚಿಪ್ಪುಗಳು ಪದರ ಪದರವಾಗಿ ಗಟ್ಟಿಯಾಗಿ ಆದ ಕಲ್ಲು ಅದು. ಪದರದ ಗುಂಟ ಎಬ್ಬಿಸಿದರೆ ಚಪ್ಪಟೆ ಹಾಸು ಏಳುತ್ತದೆ. ಉಳಿಗೆ ಒಗ್ಗುವಷ್ಟು ಮೃದು, ಶತಮಾನಗಳನ್ನು ತಡೆಯುವಷ್ಟು ಗಟ್ಟಿ. ಕೆತ್ತುವವನು ಮೊದಲು ಮುಖವನ್ನು ನಯ ಮಾಡುತ್ತಿದ್ದ, ಆಮೇಲೆ ಆಕೃತಿಯ ಸುತ್ತಲಿನ ಹಿನ್ನೆಲೆಯನ್ನು ಕೆಲವೇ ಮಿಲಿಮೀಟರಿನಷ್ಟು ಕೆಳಕ್ಕೆ ಇಳಿಸುತ್ತಿದ್ದ. ಅಷ್ಟೇ! ಆ ಉಬ್ಬು ಎಷ್ಟು ತೆಳುವೆಂದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಖಾಲಿಯಾಗಿಯೇ ಕಾಣುತ್ತದೆ. ಮೊದಲು ಇವಕ್ಕೆ ಬಣ್ಣವೂ ಇತ್ತು. ಕೆಲವು ಕಲ್ಲುಗಳಲ್ಲಿ ಅದರ ಕುರುಹು ಉಳಿದಿದೆ. ಬೂದು ಕಲ್ಲೆಂದು ನಾವು ನೋಡುವುದನ್ನು ಆ ಕಾಲದವರು ದಾರಿಬದಿಯಲ್ಲಿ ಬಣ್ಣ ಬಣ್ಣವಾಗಿ ಕಂಡಿದ್ದರು.

ಎಲ್ಲ ಕಲ್ಲೂ ಒಂದೇ ಬಗೆಯದಲ್ಲ. 5ನೇ ಶತಮಾನದ ಸುಮಾರಿನ ಕಲ್ಲುಗಳು ಕೊಡಲಿಯ ಅಲಗಿನಂತೆ ಮೇಲಕ್ಕೆ ಅಗಲವಾಗುತ್ತ ಹೋಗುತ್ತವೆ. ಅವುಗಳ ಮೇಲೆ ಎಂಟು ಕಾಲಿನ ಕುದುರೆಯೂ ಇಲ್ಲ, ಕುಲುಮೆಯೂ ಇಲ್ಲ. ನಡುವೆ ಒಂದು ಭಾರೀ ಚಕ್ರ, ಅದರೊಳಗೆ ಸುತ್ತಿ ಸುತ್ತಿ ತಿರುಗುವ ಗೆರೆಗಳು. ನೋಡುತ್ತಿದ್ದರೆ ಕಲ್ಲೇ ತಿರುಗುತ್ತಿದೆಯೇನೋ ಅನ್ನಿಸುತ್ತದೆ. ಸಾಂಡಾ ಚರ್ಚಿನಿಂದ ಬಂದ ಕಲ್ಲು ಈ ಜಾತಿಯ ದೊರೆ. ಮೂರು ಮೀಟರಿಗೂ ಮಿಕ್ಕಿದ ಎತ್ತರ. ಮೇಲೆ ತಿರುಗುವ ದೊಡ್ಡ ಚಕ್ರ, ಅದರ ಕೆಳಗೆ ಹಾವುಗಳು ಸುತ್ತಿದ ಎರಡು ಸಣ್ಣ ಚಕ್ರಗಳು, ಒಂದು ಮರ, ಒಂದು ವಿಕಾರ ಪ್ರಾಣಿ, ತೀರ ಕೆಳಗೆ ಹುಟ್ಟು ಹಾಕುತ್ತ ಹೋಗುತ್ತಿರುವ ದೋಣಿ. ಸೂರ್ಯನೇ? ಲೋಕದ ಮರವೇ? ಸತ್ತವರನ್ನು ಆಚೆ ದಡ ಮುಟ್ಟಿಸುವ ನಾವೆಯೇ? ಹಾಗೆಂದು ಓದಿದವರಿದ್ದಾರೆ. ನನಗಂತೂ ಆ ಕಲ್ಲಿನ ಅಳತೆಗಾರಿಕೆಯೇ ಸಾಕು: ಕೈವಾರವಿಟ್ಟು ಎಳೆದಂಥ ಆ ವೃತ್ತಗಳನ್ನು ರೋಮನ್ ಸಾಮ್ರಾಜ್ಯ ಇನ್ನೂ ಉಸಿರಾಡುತ್ತಿದ್ದ ಕಾಲದಲ್ಲಿ, ಅದರ ಗಡಿಯಾಚೆಯ ಒಂದು ದ್ವೀಪದಲ್ಲಿ ಯಾರೋ ಬಿಡಿಸಿದ್ದಾರೆ!

8ನೇ ಶತಮಾನದ ಹೊತ್ತಿಗೆ ರೂಪ ಬದಲಾಯಿತು. ಕಲ್ಲಿಗೆ ಅಣಬೆಯ ಆಕಾರ ಬಂತು: ದುಂಡು ತಲೆ, ಕಿರಿದಾದ ಕೊರಳು, ಅಗಲವಾದ ಬುಡ. ಚಕ್ರಗಳು ಮಾಯವಾಗಿ ಜನ ಬಂದರು, ಕಥೆ ಬಂತು.

ಎಂತೆಂಥ ಕಥೆ! ಆರ್ಡ್ರೆಯ ಕುಲುಮೆಗೆ ಮತ್ತೆ ಬನ್ನಿ. ಅದು ವೋಲುಂಡ್ ಎಂಬ ಕಮ್ಮಾರನ ಕುಲುಮೆ. ನೀಡುಡ್ ಎಂಬ ರಾಜ ಅವನನ್ನು ಸೆರೆಹಿಡಿದು, ಓಡಿಹೋಗದಂತೆ ಕಾಲಿನ ನರ ಕತ್ತರಿಸಿ, ತನಗಾಗಿ ಒಡವೆ ಮಾಡಿಕೊಂಡಿರಲು ದ್ವೀಪವೊಂದರಲ್ಲಿ ಕೂರಿಸಿದ. ಕಮ್ಮಾರ ಕಾದ. ರಾಜನ ಇಬ್ಬರು ಗಂಡುಮಕ್ಕಳು ಒಡವೆಯ ಆಸೆಗೆ ಕುಲುಮೆಗೆ ಬಂದಾಗ ಅವರ ತಲೆ ಕಡಿದ. ತಲೆಬುರುಡೆಗೆ ಬೆಳ್ಳಿ ಕಟ್ಟಿ ಕುಡಿಯುವ ಬಟ್ಟಲು ಮಾಡಿ ಅಪ್ಪನಿಗೇ ಕಳಿಸಿದ. ರಾಜನ ಮಗಳನ್ನೂ ಕೆಡಿಸಿದ. ಕೊನೆಗೆ ಆಕಾಶಕ್ಕೆ ಹಾರಿ ಪಾರಾದ. ಈಗ ಕಲ್ಲು ನೋಡಿ. ಸುತ್ತಿಗೆ, ಇಕ್ಕಳ, ತಲೆಯಿಲ್ಲದ ಎರಡು ಮೈ, ರೆಕ್ಕೆಯ ಆಕೃತಿ, ಹೆಂಗಸು. ಒಂದಕ್ಷರ ಬರೆಯದೆ ಇಡೀ ಕಥೆಯನ್ನು ಒಂದು ಅಂಗೈಯಗಲದ ಜಾಗದಲ್ಲಿ ಹೇಳಿ ಮುಗಿಸಿದ್ದಾನೆ ಶಿಲ್ಪಿ!

ಮೈ ಜುಮ್ಮೆನ್ನಿಸುವ ಸಂಗತಿ ಮುಂದಿದೆ. ಈ ಕಥೆಯನ್ನು ಹಾಡಾಗಿ ಹೇಳುವ 'ವೋಲುಂಡರ್‌ಕ್ವಿಡ' ನಮಗೆ ದಕ್ಕಿರುವುದು ಐಸ್‌ಲ್ಯಾಂಡಿನಲ್ಲಿ 1270ರ ಸುಮಾರಿಗೆ ಬರೆದ ಹಸ್ತಪ್ರತಿಯೊಂದರಿಂದ. ಎಂಟು ಕಾಲಿನ ಕುದುರೆ ಸ್ಲೈಪ್ನಿರ್, ಅದರ ಒಡೆಯ ಓಡಿನ್ ದೇವರು, ವಾಲ್ಹಲ್ಲ ಎಂಬ ವೀರಸ್ವರ್ಗ, ಇವೆಲ್ಲವನ್ನೂ ಬಿಡಿಸಿ ಹೇಳುವ ಗ್ರಂಥ ಸ್ನೋರಿ ಸ್ಟುರ್ಲುಸನ್ ಎಂಬ ಐಸ್‌ಲ್ಯಾಂಡಿನ ಪಂಡಿತ 1220ರ ಸುಮಾರಿಗೆ ಬರೆದದ್ದು. ಅವನು ಕ್ರೈಸ್ತ. ಹಳೆಯ ದೇವರುಗಳು ಹೋಗಿ ಎರಡು ನೂರು ವರ್ಷಗಳಾದ ಮೇಲೆ ಬರೆದವನು. ಅವನು ಎಷ್ಟನ್ನು ಕೇಳಿ ಬರೆದ, ಎಷ್ಟನ್ನು ತಾನೇ ಕಟ್ಟಿದ ಎಂದು ವಿದ್ವಾಂಸರು ಹೊಡೆದಾಡಿಕೊಳ್ಳುತ್ತಲೇ ಬಂದಿದ್ದಾರೆ. ಅಷ್ಟರಲ್ಲಿ ಐಸ್‌ಲ್ಯಾಂಡಿನಿಂದ ಎಷ್ಟೋ ದೂರದ ಬಾಲ್ಟಿಕ್ ದ್ವೀಪವೊಂದರ ಚರ್ಚಿನ ನೆಲದಿಂದ ಒಂದು ಕಲ್ಲು ಏಳುತ್ತದೆ. ಪುಸ್ತಕಕ್ಕಿಂತ ನಾಲ್ಕು ಶತಮಾನಕ್ಕೂ ಹಳೆಯ ಸಾಕ್ಷಿ! ಅದೇ ಎಂಟು ಕಾಲು. ಅದೇ ಕುಲುಮೆ. ಅದೇ ಕಲ್ಲಿನಲ್ಲಿ ದೋಣಿ ಹತ್ತಿ ಮೀನು ಹಿಡಿಯುತ್ತಿರುವ ಇಬ್ಬರಿದ್ದಾರೆ. ಎತ್ತಿನ ತಲೆಯನ್ನು ಗಾಳಕ್ಕೆ ಸಿಕ್ಕಿಸಿ ಲೋಕವನ್ನೇ ಸುತ್ತಿರುವ ಹಾವನ್ನು ಎಳೆದ ಥಾರ್ ದೇವರೆಂದು ಅವರಲ್ಲೊಬ್ಬನನ್ನು ಗುರುತಿಸುತ್ತಾರೆ. ಹಾವುಗಳ ನಡುವೆ ಕಟ್ಟಿಹಾಕಿದ ಇನ್ನೊಬ್ಬನಿದ್ದಾನೆ; ಅವನು ಅದೇ ಪುರಾಣಗಳ ತಂಟೆಕೋರ ಲೋಕಿ ಎನ್ನುತ್ತಾರೆ. ಕುಲುಮೆಯ ವಿಷಯದಲ್ಲಿರುವಷ್ಟು ಖಾತ್ರಿ ಈ ಇಬ್ಬರ ವಿಷಯದಲ್ಲಿ ಇಲ್ಲ, ಆದರೂ ಒಂದೇ ಚಪ್ಪಡಿಯ ಮೇಲೆ ಇಷ್ಟು ಕಥೆಗಳು ಒತ್ತೊತ್ತಾಗಿ ಕೂತಿರುವುದು ಎಂಥ ಭಾಗ್ಯ!

ಇನ್ನು ಹಡಗು. ಅಣಬೆ ಆಕಾರದ ದೊಡ್ಡ ಕಲ್ಲುಗಳಲ್ಲಿ ಕೆಳಗಿನ ಜಾಗವನ್ನೆಲ್ಲ ಹಡಗೇ ತುಂಬಿಕೊಂಡಿರುತ್ತದೆ. ಹತ್ತಿರ ಹೋಗಿ ನೋಡಬೇಕು. ಹಾಯಿಯ ಮೇಲೆ ಚೌಕುಳಿ ಚೌಕುಳಿಯಾಗಿ ಹೆಣೆದ ವಿನ್ಯಾಸ. ಹಾಯಿಯ ಕೆಳ ಅಂಚಿನಿಂದ ಹಗ್ಗಗಳು ಬಲೆಯಂತೆ ಕವಲೊಡೆದು ಇಳಿಯುತ್ತವೆ. ಹಡಗಿನಲ್ಲಿ ಸಾಲಾಗಿ ಕೂತವರು ಅವುಗಳ ತುದಿಗಳನ್ನು ಕೈಯಲ್ಲಿ ಹಿಡಿದಿದ್ದಾರೆ. ಕೆಳಗೆ ಸುರುಳಿ ಸುರುಳಿ ಅಲೆ. 5ನೇ ಶತಮಾನದ ಕಲ್ಲಿನ ದೋಣಿಗೆ ಹಾಯಿಯೇ ಇರಲಿಲ್ಲ, ಬರೀ ಹುಟ್ಟು. ಉತ್ತರದ ಸಮುದ್ರಗಳಿಗೆ ಹಾಯಿ ಬಂದದ್ದನ್ನು, ವೈಕಿಂಗ್ ಯುಗ ಬಾಗಿಲು ತಟ್ಟಿದ್ದನ್ನು ಈ ಕಲ್ಲುಗಳ ಸಾಲಿನಲ್ಲೇ ಕಣ್ಣಾರೆ ಕಾಣಬಹುದು. ಹಡಗಿನ ಮರ ಮಣ್ಣಲ್ಲಿ ಎಲ್ಲೋ ಒಂದಿಷ್ಟು ಉಳಿದೀತು, ಬಟ್ಟೆಯೂ ಹಗ್ಗವೂ ಎಲ್ಲಿ ಉಳಿಯಬೇಕು? ಗಾಟ್‌ಲ್ಯಾಂಡಿನ ಪುರಾತತ್ವಜ್ಞ ಎರಿಕ್ ನ್ಯೂಲೇನ್ 'ಕ್ರಾಂಪ್‌ಮಾಕೆನ್' ಎಂಬ ಹಳೆಯ ಮಾದರಿಯ ದೋಣಿ ಕಟ್ಟಿಸಿ, 1980ರ ದಶಕದಲ್ಲಿ ಪೂರ್ವ ಯೂರೋಪಿನ ನದಿಗಳ ಹಾದಿ ಹಿಡಿದು ಇಸ್ತಾಂಬುಲಿಗೆ ಹೊರಟಾಗ, ಹಾಯಿಗೂ ಹಗ್ಗಕ್ಕೂ ಮಾದರಿಯಾಗಿ ನೋಡಿದ್ದು ಈ ಕಲ್ಲುಗಳನ್ನೇ. ದೋಣಿ 1985ರಲ್ಲಿ ಇಸ್ತಾಂಬುಲ್ ಮುಟ್ಟಿತು!

ಸರಿ, ಓಡಿನ್ನನ ಕುದುರೆ ಏಸುವಿನ ಮನೆಯ ನೆಲಕ್ಕೆ ಬಂದದ್ದು ಹೇಗೆ?

ಗಾಟ್‌ಲ್ಯಾಂಡಿನವರು ತಮ್ಮ ಕಥೆಯನ್ನು ತಾವೇ ಬರೆದಿಟ್ಟಿದ್ದಾರೆ. ಅದರ ಹೆಸರು 'ಗೂಟಾ ಸಾಗಾ'. ಅದರಲ್ಲಿ ಬೋಟೈರ್ ಎಂಬುವನ ಪ್ರಸಂಗ ಬರುತ್ತದೆ. ಅಕೆಬೆಕ್ ಎಂಬಲ್ಲಿನ ಈ ಮನುಷ್ಯ ದ್ವೀಪದಲ್ಲಿ ಮೊದಲ ಚರ್ಚು ಕಟ್ಟಿದ; ಊರವರು ಸುಟ್ಟರು. ಅವನು ಸುಮ್ಮನಾಗಲಿಲ್ಲ. ಜನ ಬಲಿ ಕೊಡುತ್ತಿದ್ದ ಪವಿತ್ರ ಜಾಗಕ್ಕೇ, ಇಂದಿನ ವಿಸ್ಬಿ ಪಟ್ಟಣವಿರುವಲ್ಲಿಗೆ ಹೋಗಿ ಇನ್ನೊಂದು ಕಟ್ಟಿದ. ಅದನ್ನೂ ಸುಡಲು ಬಂದರು. ಬೋಟೈರ್ ಚರ್ಚಿನ ಮೇಲೆ ಹತ್ತಿ ನಿಂತು, ಸುಡುವುದಾದರೆ ನನ್ನನ್ನೂ ಸೇರಿಸಿ ಸುಡಿ ಎಂದ. ಅವನ ಮಾವ ಲಿಕ್ಕೈರ್ ದ್ವೀಪದಲ್ಲಿ ಎಲ್ಲರೂ ಮನ್ನಿಸುತ್ತಿದ್ದ ಹಿರಿಯ. ಅಳಿಯನ ಪರ ನಿಂತ, ಸುಡಬೇಡಿ ಎಂದ. ಆ ಚರ್ಚು ಉಳಿಯಿತು. ಆಮೇಲೆ ಉಳಿದವರೂ ಕಟ್ಟತೊಡಗಿದರು.

ಕಟ್ಟಿದ್ದು ಅಷ್ಟಿಷ್ಟಲ್ಲ. ಮೊದಲು ಮರದಲ್ಲಿ, ಆಮೇಲೆ 12ನೇ ಶತಮಾನದಿಂದ 14ರ ನಡುವಿನವರೆಗೆ ಕಲ್ಲಿನಲ್ಲಿ. ಸುಮಾರು 3,000 ಚದರ ಕಿಲೋಮೀಟರಿನ ದ್ವೀಪದಲ್ಲಿ ಮಧ್ಯಯುಗದ 92 ಚರ್ಚುಗಳು ಇಂದಿಗೂ ಬಳಕೆಯಲ್ಲಿವೆ! ಸಮುದ್ರ ವ್ಯಾಪಾರದ ಹಣ ಕೈತುಂಬ ಇತ್ತು. ಗಾಟ್‌ಲ್ಯಾಂಡಿನ ನೆಲದಲ್ಲಿ 1999ರಲ್ಲಿ ಸ್ಪಿಲ್ಲಿಂಗ್ಸ್ ಎಂಬ ಹೊಲದಿಂದ 67 ಕಿಲೋ ಬೆಳ್ಳಿ ಎದ್ದಿತು, ಅದರ ನಾಣ್ಯಗಳಲ್ಲಿ ಹೆಚ್ಚಿನವು ಅರಬ್ಬರ ನಾಡಿನವು, ಎಂದರೆ ಆ ರೈತರ ಸಿರಿ ಎಂಥದೆಂದು ಊಹಿಸಿ. ಊರೂರಿಗೆ ಚರ್ಚು ಎದ್ದಾಗ ಕಲ್ಲು ಬೇಕಾಯಿತು. ಹೊಲದಂಚಿನಲ್ಲಿ, ದಾರಿಬದಿಯಲ್ಲಿ, ಹಳೆಯ ಸಮಾಧಿಗಳ ನಡುವೆ ನಯ ಮಾಡಿದ ಚಪ್ಪಟೆ ಚಪ್ಪಡಿಗಳು ನಿಂತಿದ್ದವು. ಕಲ್ಲುಕುಟಿಗರ ಕಣ್ಣು ಅವುಗಳ ಮೇಲೆ ಬಿತ್ತು. ನೆಲಕ್ಕೆ ಹಾಸಿದರು, ಗೋಡೆಗೆ ಸೇರಿಸಿದರು, ಹೊಸ್ತಿಲಿಗೆ ಇಟ್ಟರು. ಅಳತೆಗೆ ಬರದಿದ್ದರೆ ಕಡಿದರು. ಅದಕ್ಕೇ ಎಷ್ಟೋ ಕಲ್ಲುಗಳು ನಮಗೆ ಸಿಕ್ಕಿರುವುದು ತಲೆ ಒಂದು ಕಡೆ, ಬುಡ ಇನ್ನೊಂದು ಕಡೆಯಾಗಿ.

ಇದು ಸೋತ ದೇವರುಗಳನ್ನು ಕಾಲಡಿ ಹಾಕಿ ತುಳಿದದ್ದು ಎನ್ನುವವರಿದ್ದಾರೆ. ಅದಕ್ಕೆ ಆಧಾರವಿಲ್ಲದೆ ಇಲ್ಲ. ಗಾಟ್‌ಲ್ಯಾಂಡಿನ ಹಳೆಯ ಕಾನೂನಾದ 'ಗೂಟಾ ಲಾಗ್' ತೋಪುಗಳಿಗೆ, ಸಮಾಧಿ ದಿಬ್ಬಗಳಿಗೆ, ಹಳೆಯ ದೇವರುಗಳಿಗೆ ಮೊರೆಯಿಡಬಾರದೆಂದು ಸ್ಪಷ್ಟವಾಗಿ ನಿಷೇಧಿಸುತ್ತದೆ. ನಿಷೇಧ ಬೇಕಾಯಿತೆಂದರೆ ಮೊರೆಯಿಡುವವರು ಇನ್ನೂ ಇದ್ದರೆಂದೇ ಅರ್ಥ. ಆದರೆ ಬರೀ ತುಳಿಯುವ ಸಿಟ್ಟಿನಿಂದ ಇದೆಲ್ಲ ಆಯಿತೆಂದು ನಾನು ಒಪ್ಪಲಾರೆ. ಅದೇ ದ್ವೀಪದ ಹೆಮ್ಸೆ ಎಂಬ ಊರಿಗೆ ಬನ್ನಿ. ಅಲ್ಲಿನ ಕಲ್ಲಿನ ಚರ್ಚಿನ ನೆಲವನ್ನು 1896ರಲ್ಲಿ ಎಬ್ಬಿಸಿದಾಗ ಸಿಕ್ಕಿದ್ದು ಅದಕ್ಕಿಂತ ಹಿಂದಿನ ಮರದ ಚರ್ಚಿನ ಹಲಗೆಗಳು! ತಮ್ಮದೇ ಚರ್ಚನ್ನು ಬಿಚ್ಚಿ ತಮ್ಮ ಹೊಸ ಚರ್ಚಿನ ನೆಲಕ್ಕೆ ಹಾಕಿದ್ದರು. ಗ್ರೋಟ್ಲಿಂಗ್ಬೊ ಎಂಬಲ್ಲಿ 14ನೇ ಶತಮಾನದ ಚರ್ಚಿನ ತೆಂಕಣ ಗೋಡೆಯಲ್ಲಿ ಉಬ್ಬುಶಿಲ್ಪಗಳ ಒಂದು ಸಾಲಿದೆ. ಅವು 12ನೇ ಶತಮಾನದ ಹಿಂದಿನ ಚರ್ಚಿನವು, ಸಿಗ್ರಾಫ್ ಎಂಬ ಶಿಲ್ಪಿಯ ಕೈಯವೆಂದು ಗುರುತಿಸಿದ್ದಾರೆ. ಇಲ್ಲಿ ಯಾರ ಮೇಲೆ ಯಾರಿಗೆ ಸಿಟ್ಟು? ಕೆತ್ತಿದ ಕಲ್ಲನ್ನು, ಕುಯ್ದ ಮರವನ್ನು ಎಸೆಯಬಾರದೆಂಬ ದುಡಿಯುವ ಜನರ ವಿವೇಕ ಇದು.

ಅದರಾಚೆಗೂ ಒಂದಿದೆ ಅನ್ನಿಸುತ್ತದೆ ನನಗೆ. ಚಿತ್ರಗಲ್ಲು ನೆಡುವ ಪದ್ಧತಿ ಹೊಸ ಧರ್ಮ ಬಂದ ದಿನವೇ ನಿಂತುಹೋಗಲಿಲ್ಲ. 11ನೇ ಶತಮಾನದಲ್ಲಿ ಶಿಲುಬೆಯನ್ನೇ ಕೆತ್ತಿಸಿ, ರೂನ್ ಅಕ್ಷರಗಳಲ್ಲಿ ಸತ್ತವರ ಹೆಸರು ಬರೆಸಿ ಕಲ್ಲು ನಿಲ್ಲಿಸಿದವರು ಕ್ರೈಸ್ತರೇ. ಹೆಂಗಸರಿಗೂ ಕಲ್ಲು ನೆಟ್ಟರು. ಲೆವಿಡೆ ಚರ್ಚಿನ ಕಲ್ಲಿನಲ್ಲಿ ಹೆಂಗಸೊಬ್ಬಳು ಗಾಡಿಯಲ್ಲಿ ಕೂತು ಹೋಗುತ್ತಿದ್ದಾಳೆ. ಹಳೆಯ ಕಲ್ಲುಗಳಲ್ಲಿ ಆಕೆ ಬಾಗಿಲಲ್ಲಿ ನಿಂತು, ಕೊಂಬಿನ ಪಾತ್ರೆಯಲ್ಲಿ ಪಾನೀಯ ಹಿಡಿದು, ಬರುವ ಸವಾರನನ್ನು ಎದುರುಗೊಳ್ಳುತ್ತಿದ್ದಳು. ಆಲ್ಸ್‌ಕೂಗ್ ಬಳಿಯ ಚೆಂಗ್‌ವೀಡೆ ಎಂಬ ಹೊಲಮನೆಯಲ್ಲಿ 1844ರಲ್ಲಿ ಸಿಕ್ಕ ಕಲ್ಲಿನಲ್ಲಿ ಆ ಚಿತ್ರ ಎಷ್ಟು ಚೊಕ್ಕವಾಗಿದೆ! ಈಗ ಪಯಣ ಹೊರಟವಳು ಅವಳೇ. ಹೀಗೆ ಅಜ್ಜನ ಕಲ್ಲು, ಅಜ್ಜಿಯ ಕಲ್ಲು ಎಂದು ಊರಿಗೆ ಗೊತ್ತಿದ್ದ ಕಲ್ಲುಗಳು ಊರಿನ ಚರ್ಚಿಗೆ ಬಂದಾಗ, ತಂದ ಕೈಗಳಿಗೆ ಅವು ಬರೀ ಚಪ್ಪಡಿಗಳಾಗಿದ್ದವು ಎಂದು ನಂಬುವುದು ಕಷ್ಟ. ಹಿರಿಯರನ್ನೂ ಒಳಗೆ ಕರೆತಂದರು ಎಂದು ವಾದಿಸುವ ಸಂಶೋಧಕರಿದ್ದಾರೆ. ನನ್ನ ಮನಸ್ಸು ಅವರ ಕಡೆಗೇ.

ಏನೇ ಇರಲಿ, ಫಲವನ್ನು ನೋಡಿ. ಬಯಲಲ್ಲಿ ನಿಂತ ಕಲ್ಲನ್ನು ಮಳೆ ತಿಂದಿತು, ಹಿಮ ಸೀಳಿತು, ಕಲ್ಲುಹೂವು ಹಬ್ಬಿ ಗೆರೆ ಅಳಿಸಿತು. ನೆಲದಲ್ಲಿ ಮುಖ ಮೇಲಾಗಿ ಮಲಗಿದ್ದನ್ನು ಜನರ ಪಾದಗಳು ಸವೆಸಿದವು. ಮುಖ ಕೆಳಗಾದವೂ ಮಣ್ಣು ಮುಚ್ಚಿದವೂ ಅಚ್ಚುಕಟ್ಟಾಗಿ ಉಳಿದವು. ಹಳೆಯ ದೇವರುಗಳ ಅತಿ ಹಳೆಯ ಚಿತ್ರಗಳನ್ನು ಇಷ್ಟು ಕಾಲ ಕಾಪಾಡಿದ್ದು ಆ ದೇವರುಗಳನ್ನು ಬಿಟ್ಟುಬಂದವರ ಗುಡಿ!

ಸಿಕ್ಕಿದ ಮೇಲೆ ಓದುವುದೂ ಸುಲಭವಲ್ಲ. ಸೂನೆ ಲಿಂಡ್‌ಕ್ವಿಸ್ಟ್ ಎಂಬ ಸ್ವೀಡನ್ನಿನ ಪುರಾತತ್ವಜ್ಞ ಅಂದು ಗೊತ್ತಿದ್ದ ಕಲ್ಲುಗಳನ್ನೆಲ್ಲ ಒಟ್ಟುಗೂಡಿಸಿ 1941-42ರಲ್ಲಿ ಎರಡು ಸಂಪುಟಗಳ ಮಹಾಗ್ರಂಥ ತಂದರು. ಕಲ್ಲುಗಳನ್ನು ಆಕಾರ ನೋಡಿ ಐದು ಗುಂಪು ಮಾಡಿದ್ದು ಅವರೇ. ಇಂದಿಗೂ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಫೋಟೊದಲ್ಲಿ ಗೆರೆ ಕಾಣಲೆಂದು ಅವರು ಕೆತ್ತನೆಯ ಮೇಲೆ ಬಣ್ಣ ತುಂಬಿಸುತ್ತಿದ್ದರು. ಓರೆ ಬೆಳಕು ಹಾಯಿಸಿ, ಕಂಡಷ್ಟನ್ನು ಗುರುತು ಮಾಡಿ, ಆಮೇಲೆ ಬಣ್ಣ. ಹಾಗಾಗಿ ಪುಸ್ತಕಗಳಲ್ಲಿ ನಾವು ನೋಡುತ್ತ ಬಂದ ಎಷ್ಟೋ ಚಿತ್ರಗಳಲ್ಲಿ ಕಲ್ಲಿನಲ್ಲಿ ಇದ್ದದ್ದು ಎಷ್ಟಿದೆಯೋ, ಲಿಂಡ್‌ಕ್ವಿಸ್ಟರ ಕಣ್ಣಿಗೆ ಕಂಡದ್ದೂ ಅಷ್ಟೇ ಇದೆ. ಈಗ ಜರ್ಮನಿಯ ಸಂಶೋಧಕ ಸಿಗ್ಮಂಡ್ ಎರ್ಲ್ ಮತ್ತೆ ಕಲ್ಲಿನ ಬಳಿಗೇ ಹೋಗಿದ್ದಾರೆ. ಕ್ಯಾಮೆರಾ ಒಂದೇ ಕಡೆ ಇರುತ್ತದೆ; ದೀಪ ಮಾತ್ರ ಕಲ್ಲಿನ ಸುತ್ತ ಒಂದೊಂದೇ ಕೋನದಿಂದ ಬೆಳಗುತ್ತ ಹೋಗುತ್ತದೆ; ಹತ್ತಾರು ಫೋಟೊಗಳನ್ನು ಕಂಪ್ಯೂಟರ್ ಬೆಸೆಯುತ್ತದೆ. ಆಮೇಲೆ ಪರದೆಯ ಮೇಲೆ ಬೆರಳಾಡಿಸಿದ ಕಡೆಗೆ ಬೆಳಕು ತಿರುಗುತ್ತದೆ, ಹಳೆಯ ಬಣ್ಣದಡಿ ಮುಚ್ಚಿಹೋದ ಗೆರೆಗಳು ತಲೆ ಎತ್ತುತ್ತವೆ, ಇವೆಯೆಂದುಕೊಂಡಿದ್ದ ಕೆಲವು ಗೆರೆಗಳು ಇಲ್ಲವೇ ಇಲ್ಲವೆಂದು ತಿಳಿಯುತ್ತದೆ. 2019ರಲ್ಲಿ ಬಂದ ಅವರ ಗ್ರಂಥ ಇಡೀ ಭಂಡಾರದ ಓದನ್ನೇ ಹೊಸದಾಗಿ ಶುರು ಮಾಡಿಸಿದೆ. ಲೈಲಾ ಕಿಟ್ಸ್ಲರ್ ಓಫೆಲ್ಟ್ ಎಂಬ ಸಂಶೋಧಕಿ ಇನ್ನೂ ಸೂಕ್ಷ್ಮಕ್ಕೆ ಇಳಿದವರು. ತ್ರಿಆಯಾಮದ ಸ್ಕ್ಯಾನ್‌ನಲ್ಲಿ ಉಳಿ ಬಿದ್ದ ಕಚ್ಚುಗಳನ್ನೇ ಅಳೆದು, ಯಾವ ಕಲ್ಲಿನಲ್ಲಿ ಯಾರ ಕೈ ಆಡಿದೆ ಎಂದು ಬೇರ್ಪಡಿಸುತ್ತಾರೆ. ಹೆಸರೂ ಗೊತ್ತಿಲ್ಲದ ಶಿಲ್ಪಿಯ ಮಣಿಕಟ್ಟಿನ ವರಸೆ ಸಾವಿರ ವರ್ಷದ ಮೇಲೆ ಗುರುತು ಸಿಗುತ್ತದೆ!

ಇನ್ನೆಷ್ಟು ಕಲ್ಲುಗಳು ಮಲಗಿವೆಯೋ. ಹೊಸ ತುಣುಕುಗಳು ಇಂದಿಗೂ ಏಳುತ್ತಲೇ ಇವೆ. ಚರ್ಚುಗಳು ಇನ್ನೂ ನಡೆಯುತ್ತಿವೆ, ಮದುವೆ, ಪ್ರಾರ್ಥನೆ, ಶವಸಂಸ್ಕಾರ ಅಲ್ಲೇ. ನೋಡುವ ಆಸೆಗೆ ನೆಲವನ್ನೂ ಗೋಡೆಯನ್ನೂ ಕೆಡವಲಾಗದು, ಕೆಡವಲೂಬಾರದು. ಗೋಡೆಗೆ ಸೇರಿದ ಕೆಲವನ್ನು ಹಾಗೇ ಬಿಟ್ಟಿದ್ದಾರೆ. ಉಳಿದವನ್ನು ನೋಡಬೇಕೆಂದರೆ ವಿಸ್ಬಿಯ ಗಾಟ್‌ಲ್ಯಾಂಡ್ ಮ್ಯೂಸಿಯಂನಲ್ಲಿ ಚಿತ್ರಗಲ್ಲುಗಳಿಗೇ ಮೀಸಲಾದ ಸಭಾಂಗಣವಿದೆ, ದ್ವೀಪದ ಉತ್ತರ ತುದಿಯಲ್ಲಿ ಬುಂಗೆಯ ಬಯಲು ಮ್ಯೂಸಿಯಂ ಇದೆ. ಬುಟ್ಲೆಯ ಏಂಗೆ ಎಂಬಲ್ಲಿ ಎರಡು ಕಲ್ಲುಗಳು ನೆಟ್ಟ ಜಾಗದಲ್ಲೇ ಇಂದಿಗೂ ನಿಂತಿವೆ; ಅದರಲ್ಲೊಂದು ದ್ವೀಪದ ಅತಿ ಎತ್ತರದ ಕಲ್ಲುಗಳ ಪೈಕಿ. ಬ್ರೂ ಎಂಬ ಊರಿನ ಚರ್ಚಿಗೆ ಹೋದರೆ ತಿರುಗುವ ಚಕ್ರದ ಹಳೆಯ ಕಲ್ಲೊಂದು ಚರ್ಚಿನಲ್ಲೇ ಎದುರಾಗುತ್ತದೆ. ಹೋಗುವವರು ಜೊತೆಗೊಂದು ಟಾರ್ಚ್ ಇಟ್ಟುಕೊಳ್ಳಿ, ಕಲ್ಲಿಗೆ ಎದುರಾಗಿ ಬಿಡಬೇಡಿ, ಪಕ್ಕಕ್ಕೆ ಸರಿದು ಕಲ್ಲಿನ ಮೈಗೆ ತಾಗಿದಂತೆ ಹಿಡಿಯಿರಿ. ಕಣ್ಣಿಗೆ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ, ದೀಪವನ್ನು ಒಂದಿಷ್ಟು ಕೆಳಗಿಳಿಸಿ ನೋಡಿ. ಮೊದಲು ಹಡಗಿನ ಹಗ್ಗಗಳು ಕಾಣುತ್ತವೆ, ಆಮೇಲೆ ಅವನ್ನು ಹಿಡಿದ ಕೈಗಳು.